ಮೂಡಲಗಿಯವರ ಹೆಸರು

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ಸಕ್ಕರೆ ಕಾಯಿಲೆ ಇರುವ ಯಾವ ಗಂಡಸನ್ನಾದರೂ ನಿಲ್ಲಿಸಿ ಕೇಳಿ, ದಿನಾ ಬೆಳಿಗ್ಗೆ ನಿನ್ನನ್ನು ಬೈದು ಎಬ್ಬಿಸುವವರು ಯಾರು ಅಂತ. ನನ್ನ ಹೆಂಡತಿಯ ಹೆಸರು ಹೇಳುತ್ತಾನೆ. ಅದನ್ನೂ ನಗುನಗುತ್ತಾ ಹೇಳುತ್ತಾನೆ. ನನ್ನ ಹೆಂಡತಿ ಕಾಶೆವ್ವನ ದನಿ ಅವರೆಲ್ಲರ ಮೊಬೈಲಿನಲ್ಲಿ ಕೂತಿದೆ. ಆ ಬೈಗುಳ ಕೇಳಿ ಅವರ ಸಕ್ಕರೆ ಇಳಿದಿದೆ, ಬಿ.ಪಿ. ಇಳಿದಿದೆ, ಕೆಲವರ ಹೊಟ್ಟೆಯೂ ಇಳಿದಿದೆಯಂತೆ. ಆ ದನಿಯ ಜೊತೆ ಒಂದೇ ಸೂರಿನ ಕೆಳಗೆ ಬದುಕಿದ ನಾನು ಮಾತ್ರ ಎಡಗಾಲಿನ ಕಿರುಬೆರಳು ಕಳೆದುಕೊಂಡೆ. ಪಾದವಾದರೂ ಉಳಿಯುತ್ತದೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತ್ತು. ಹೇಗೆ ಬಂತು ಎಂದು ಹೇಳುತ್ತೇನೆ, ತಪ್ಪು ಯಾರದೆಂದು ನೀವೇ ಹೇಳಿ. ನನ್ನದಂತೂ ಅಲ್ಲ.

ನಾನು ಸದಾಶಿವ, ಕೊಣ್ಣೂರಿನವನು. ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಗೋಕಾಕದಿಂದ ಯಮಕನಮರಡಿಯವರೆಗಿನ ಜನಕ್ಕೆಲ್ಲ ನನ್ನ ಬಾಯಿ ಗೊತ್ತು, ಟಿಕೀಟಿಲ್ಲದವನನ್ನು ನಾನು ಬಿಟ್ಟವನಲ್ಲ. ನನ್ನ ಬಸ್ಸಿನ ಡ್ರೈವರ್ ನಬಿಲಾಲ ನಮ್ಮ ಓಣಿಯಲ್ಲೇ, ಎದುರು ಮನೆಯಲ್ಲಿ ಇದ್ದಾನೆ. ನಿವೃತ್ತಿಯ ಜೊತೆಗೇ ಇಬ್ಬರಿಗೂ ಸಕ್ಕರೆ ಕಾಯಿಲೆ ಸಿಕ್ಕಿತು. ಗುಳಿಗೆಯ ವಿಷಯದಲ್ಲಿ ನನ್ನ ಪದ್ಧತಿ ಬಹಳ ಸರಳ: ಕಾಶೆವ್ವ ಬೈದರೆ ನುಂಗುತ್ತೇನೆ, ಬೈಯದಿದ್ದರೆ ಇಲ್ಲ. ಕೂತವನು ತಾನಾಗಿ ಎದ್ದು ಹೋಗಿ ಗುಳಿಗೆ ನುಂಗಿದರೆ ನಾನು ರೋಗಿ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಹೆಂಡತಿಯ ಕಾಟಕ್ಕೆ ನುಂಗಿದರೆ ಆ ಮಾತಿಲ್ಲ. ನಮ್ಮ ಕಡೆಯ ಮುಕ್ಕಾಲು ಗಂಡಸರು ಜೀವ ಹಿಡಿದುಕೊಂಡಿರುವುದು ಹೀಗೆಯೇ.

ಇಂಥ ಊರಿಗೆ ಬಂದರು ಐಶ್ವರ್ಯ ಮತ್ತು ಅಜಿತ. ಬೆಳಗಾವಿಯ ಯಾವುದೋ ಸಂಸ್ಥೆಯವರು. ಅವಳು ವಿನ್ಯಾಸದವಳು, ಇವನು ಕಂಪ್ಯೂಟರಿನವನು. ಅವರ ಯೋಜನೆಯ ಹೆಸರು ‘ಮನಿ ದನಿ’. ರೋಗಿಗಳ ಮೊಬೈಲಿಗೆ ದಿನಾ ಬೆಳಿಗ್ಗೆ ಒಂದು ಕರೆ ಬಂದು ಗುಳಿಗೆಯ ನೆನಪು ಮಾಡಿಕೊಡಬೇಕು, ಅಷ್ಟೇ. ಆದರೆ ಅದನ್ನು ಅವರು ಅಷ್ಟೇ ಎಂದು ಬಿಡುವವರಲ್ಲ. ಸಮುದಾಯ ಭವನದಲ್ಲಿ ಊರಿನವರನ್ನೆಲ್ಲ ಕೂಡಿಸಿ ಐಶ್ವರ್ಯ ಮೈಕು ಹಿಡಿದಳು.

"ನಾವು ಏನನ್ನೂ ನಿಮ್ಮ ಮ್ಯಾಲೆ ಹೇರೂದಿಲ್ರಿ. ನಮ್ಮ ವಿನ್ಯಾಸದಾಗ ಮನುಷ್ಯಾನ ನಡುವ ಇರತಾನ."

"ನಡುವ ಮನುಷ್ಯಾ ಇದ್ದರ ಸುತ್ತಲೂ ಏನ್ ಇರತೈತಲೇ?" ಎಂದು ನಬಿಲಾಲ ನನ್ನ ಕಿವಿಯಲ್ಲಿ ಕೇಳಿದ. ನನಗೂ ಗೊತ್ತಿರಲಿಲ್ಲ.

ಯಾರ ದನಿಯಲ್ಲಿ ಹೇಳಿದರೆ ನೀವು ಕೇಳುತ್ತೀರಿ ಎಂದು ಪ್ರಶ್ನೆ ಬಂತು. ಡಾಕ್ಟರ ದನಿಯಲ್ಲಿ? ಬೇಡ ಎಂದರು, ಡಾಕ್ಟರ ಮಾತು ಕೇಳುವ ಹಾಗಿದ್ದರೆ ಈ ಸಭೆಯೇ ಬೇಕಿರಲಿಲ್ಲ. ಸಿನಿಮಾದವರ ದನಿ? ಅದು ಬಂದರೆ ಗುಳಿಗೆ ಮರೆತು ಹಾಡು ಹಾಡುತ್ತೇವೆ ಎಂದರು. ಹೀಗೆ ಚರ್ಚೆ ನಡೆಯುತ್ತಿರುವಾಗ ಮೈಕು ಕೈಕೊಟ್ಟಿತು, ಅದೇ ಹೊತ್ತಿಗೆ ಚಹಾ ಬಂತು. ಜನ ಕುರ್ಚಿ ಕೆಡವಿಕೊಂಡು ಬಾಗಿಲ ಕಡೆ ಎದ್ದರು. ಆಗ ಹೆಂಗಸರ ಸಾಲಿನಿಂದ ಕಾಶೆವ್ವ ಎದ್ದು ನಿಂತಳು.

"ಏ! ಕುಂದರ್ರಲೇ ಎಲ್ಲಾರೂ! ಚಾ ಏನ್ ಓಡಿ ಹೋಗತೈತೇನು?"

ಇಡೀ ಭವನ ಕೂತಿತು. ಚಹಾ ತಂದವನೂ ಕಿಟ್ಲಿ ಹಿಡಿದುಕೊಂಡೇ ಕೂತ. ಮೈಕಿನ ವಾಯರು ಹುಡುಕುತ್ತಿದ್ದ ಅಜಿತ ನೆಲದ ಮೇಲೆ ಕೂತ. ಐಶ್ವರ್ಯಳ ಮುಖ ಅರಳಿತು. ತನಗೆ ಬೇಕಾದ್ದು ಸಿಕ್ಕಿತೆಂದು ಅವಳಿಗೆ ಅಲ್ಲೇ ಗೊತ್ತಾಯಿತು, ನನ್ನ ನೆಮ್ಮದಿ ಹೋಯಿತೆಂದು ನನಗೂ ಗೊತ್ತಾಯಿತು.

ದನಿ ಹಿಡಿಯುವ ಕೆಲಸ ನಮ್ಮ ಮನೆಯಲ್ಲೇ ನಡೆಯಿತು. ಹೊರಗಿನ ಸದ್ದು ಒಳಗೆ ಬರಬಾರದೆಂದು ಒಳಕೋಣೆಯ ಗೋಡೆಗಳಿಗೆ ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ನೇತುಹಾಕಿದರು. ಮೊದಲು ಕಾಶೆವ್ವ ಮರ್ಯಾದೆಯಿಂದ, "ಗುಳಿಗಿ ತಗೊಂಡ್ರೇನ್ರಿ?" ಎಂದಳು. ಅದನ್ನು ನಾಲ್ಕು ಮನೆಗೆ ಕಳಿಸಿ ನೋಡಿದರೆ ಒಬ್ಬನೂ ನುಂಗಲಿಲ್ಲ. ‘ರಿ’ ತೆಗೆದು ಬೈದು ಕಳಿಸಿದಳು, ಎಲ್ಲರೂ ನುಂಗಿದರು. ಮರ್ಯಾದೆ ಕೊಟ್ಟರೆ ಔಷಧ ಸೇವನೆ ಕುಗ್ಗುತ್ತದೆ ಎಂದು ಐಶ್ವರ್ಯ ಅದನ್ನು ಒಂದು ಸಂಶೋಧನೆಯೆಂದೇ ಬರೆದುಕೊಂಡಳು. ಇದನ್ನು ನನ್ನನ್ನು ಕೇಳಿದ್ದರೆ ಹಾಗೆಯೇ ಹೇಳುತ್ತಿದ್ದೆ.

ಇನ್ನೊಂದು ಸಂಗತಿ ಅವರಿಗೆ ಕಂಡುಬಂತು. ಹೆಸರು ಹಿಡಿದು ಕರೆದರೆ ಜನ ಫೋನ್ ಇಡುವುದಿಲ್ಲ. ಹೆಸರಿಲ್ಲದಿದ್ದರೆ ಸಾಲ ಬೇಕೇ ಎಂದು ಕೇಳುವವರ ಫೋನೆಂದು ತಿಳಿದು ಇಟ್ಟುಬಿಡುತ್ತಾರೆ. ಹಾಗಾಗಿ ಈ ಭಾಗದಲ್ಲಿರುವ ಹೆಸರುಗಳನ್ನೆಲ್ಲ ಕಾಶೆವ್ವ ಒಂದೊಂದಾಗಿ ಹೇಳಬೇಕಾಯಿತು. ತಟ್ಟೆಯಂಥ ಒಂದು ಯಂತ್ರದ ಮೇಲೆ ಹೆಸರು ಮೂಡುವುದು, ಇವಳು ಓದಿ ಕರೆಯುವುದು. ನಾಲಗೆ ತಿರುಗದ ಹೆಸರಿದ್ದರೆ ‘ಮುಂದೆ’ ಎಂಬಲ್ಲಿ ಒತ್ತಿದರಾಯಿತು. ಯಾರನ್ನೂ ಬಲವಂತ ಮಾಡಬಾರದು ಎಂಬುದು ಐಶ್ವರ್ಯಳ ತತ್ವ. ಸಂಕೋಚವಾಗಬಾರದೆಂದು ಅವಳೂ ಅಜಿತನೂ ಕೋಣೆಯಿಂದ ಹೊರಗೆ ಬಂದು ಕೂತರು.

"ಹಣಮಂತಾ! ಲಕ್ಷ್ಮಣಾ! ನಬಿಲಾಲಾ! ಯಲ್ಲಾಲಿಂಗಾ!"

ಕೌದಿ ತೂರಿಕೊಂಡು ಓಣಿಗೇ ಕೇಳಿಸುತ್ತಿತ್ತು. ಸೈಕಲ್ ಮೇಲೆ ಹೊರಟಿದ್ದ ಯಲ್ಲಾಲಿಂಗ ಕಾಲು ಊರಿ ನಿಂತು, "ಕರದ್ರೇನ್ರಿ ಕಾಕು?" ಎಂದ. ನಾನು ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕೂತಿದ್ದು, ಬೇಸರವಾಗಿ ಚಹಾದಂಗಡಿಗೆ ಹೋದೆ.

ಕರೆಗಳು ಶುರುವಾದವು. ಎದುರು ಕಟ್ಟೆಯ ಮೇಲೆ ನಬಿಲಾಲನ ಫೋನ್ ಬಡಿದುಕೊಂಡಿತು. "ನಬಿಲಾಲಾ, ಗುಳಿಗಿ ನುಂಗು! ನುಂಗಿ ನೀರ ಕುಡಿ! ಹಾಸಿಗಿ ಹಿಡದಮ್ಯಾಲೆ ನನ್ನ ಕರೀಬ್ಯಾಡ!" ಎಂದು ನನ್ನ ಹೆಂಡತಿಯ ದನಿ. ಅವನು ಲೌಡ್ ಸ್ಪೀಕರ್ ಹಚ್ಚಿ ಇಡೀ ಓಣಿಗೆ ಕೇಳಿಸಿ, ಎದ್ದು ನಿಂತು ಗುಳಿಗೆ ನುಂಗಿದ. ನನ್ನ ಫೋನ್ ಸುಮ್ಮನಿತ್ತು. ಮರುದಿನವೂ ಸುಮ್ಮನಿತ್ತು. ಅಸಲಿ ಕಾಶೆವ್ವ ಮನೆಯಲ್ಲೇ ಇರುವಾಗ ಇವನಿಗೆ ಇನ್ನೊಂದು ಯಾಕೆ ಎಂದು ಬಿಟ್ಟಿರಬೇಕು ಅಂದುಕೊಂಡೆ. ದೇವರು ದೊಡ್ಡವನು ಎಂದೂ ಅಂದುಕೊಂಡೆ. ಬೈಗುಳ ಬರಲಿಲ್ಲ ಎಂದು ಯಾರಾದರೂ ದೂರು ಕೊಡುತ್ತಾರೆಯೇ?

ಅಸಲಿ ಕಾಶೆವ್ವ ಮಾತ್ರ ಅಂದಿನಿಂದಲೇ ಕೈ ತೊಳೆದುಕೊಂಡಿದ್ದಳು. "ಇನ್ನ ನಿಮ್ಮ ಗುಳಿಗಿಗೂ ನನಗೂ ಸಂಬಂಧ ಇಲ್ರಿ. ಫೋನ್ ಹೇಳತೈತಿ, ಕೇಳಿ ನುಂಗ್ರಿ," ಎಂದು ಹೇಳಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಹುಕ್ಕೇರಿಗೆ ಒಂದು ದಿನ, ಮೂಡಲಗಿಗೆ ಒಂದು ದಿನ ಸಭೆಗೆ ಹೊರಡುವಳು. ಅಲ್ಲಿ ಅವಳಿಗೆ ಶಾಲು, ಹೂವಿನ ಹಾರ. ಸಂಜೆ ಬಂದು, "ಗುಳಿಗಿ ಆತೇನ್ರಿ?" ಎನ್ನುವಳು. "ಹೂಂ," ಎನ್ನುತ್ತಿದ್ದೆ. ಅವಳೂ ಹೆಚ್ಚು ಕೇಳುತ್ತಿರಲಿಲ್ಲ, ಮೂರು ತಾಲೂಕಿನ ಭಾರ ಹೊತ್ತವಳಿಗೆ ಒಬ್ಬ ಗಂಡನದು ಯಾವ ಲೆಕ್ಕ?

ಸುಳ್ಳು ಯಾಕೆ ಹೇಳಲಿ, ನಬಿಲಾಲನ ಫೋನ್ ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಬೈಗುಳವಾದರೂ ನನ್ನ ಮನೆಯದು. ಅದು ಊರವರಿಗೆಲ್ಲ ಹಂಚಿ ಹೋಗಿ ನನಗೆ ಮಾತ್ರ ಇಲ್ಲವಾಗಿತ್ತು.

ಹೊಸ ಚಪ್ಪಲಿ ಕಿರುಬೆರಳನ್ನು ಕಚ್ಚಿತು. ಸಕ್ಕರೆ ಏರಿದ ಕಾಲಿಗೆ ನೋವು ತಿಳಿಯುವುದಿಲ್ಲವಂತೆ, ನನಗೂ ತಿಳಿಯಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ಮಗ ಮಲ್ಲೇಶ ಒಂದು ದಿನ ಊಟಕ್ಕೆ ಕೂತವನು, "ಅಪ್ಪಾ, ಏನೋ ವಾಸನಿ ಬರಾಕತ್ತೈತಿ," ಎಂದು ಬಗ್ಗಿ ನೋಡಿದ. ಬೆರಳು ಕಪ್ಪಾಗಿತ್ತು. ಗೋಕಾಕಕ್ಕೆ ಎತ್ತಿ ಹಾಕಿಕೊಂಡು ಹೋದರು.

"ಬೆರಳು ತಗೀಬೇಕು," ಎಂದರು ಡಾಕ್ಟರು. "ಸಕ್ಕರಿ ಕೆಳಗ ಬರಲಿಲ್ಲ ಅಂದರ ಮುಂದ ಪಾದಾನೂ ಹೋಗತೈತಿ. ಗುಳಿಗಿ ನುಂಗತಾರೋ ಇಲ್ಲೋ ಇವರು?"

"ದಿನಾ ನುಂಗತಾರ್ರಿ ಡಾಕ್ಟರ್ ಸಾಹೇಬ್ರ. ದಿನಾ ಮುಂಜಾನೆ ಫೋನ್ ಬರತೈತಲ್ರಿ," ಎಂದಳು ಕಾಶೆವ್ವ.

"ಯಾವ ಫೋನು?" ಎಂದೆ ನಾನು.

ಅವಳು ನನ್ನ ಕಡೆ ತಿರುಗಿದಳು. ಆ ನೋಟ ನನ್ನ ವೈರಿಗೂ ಬೇಡ. ಅಲ್ಲಿಂದ ಶುರುವಾದ ಜಗಳ ನನ್ನ ಬೆರಳು ತೆಗೆದು ವಾರ್ಡಿಗೆ ತಂದು ಮಲಗಿಸುವವರೆಗೂ ನಡೆಯಿತು. ಫೋನ್ ಬಂದರೂ ನುಂಗಲಿಲ್ಲ ಎಂದು ಅವಳು, ಫೋನೇ ಬಂದಿಲ್ಲ ಎಂದು ನಾನು. ಕೊನೆಗೆ ಮಲ್ಲೇಶನೇ ಐಶ್ವರ್ಯ, ಅಜಿತ ಇಬ್ಬರನ್ನೂ ಕರೆಸಿದ. ಅಜಿತ ನನ್ನ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬಹಳ ಹೊತ್ತು ಕುಟ್ಟಿದ. ಆಮೇಲೆ ಕುಟ್ಟುವುದನ್ನು ನಿಲ್ಲಿಸಿ ಕೆನ್ನೆ ಉಜ್ಜಿಕೊಂಡ.

"ಕಾಕಾ ಹೇಳೂದು ಖರೆ ಐತಿ. ಫೋನ್ ಹೊಂಟೇ ಇಲ್ಲ. ಹೆಸರಿನ ದನಿ ಸಿಗೂತನಕ ಫೋನ್ ಹೊರಡೂದಿಲ್ಲ, ಇವರ ಹೆಸರಿಂದು ದನೀನ ಇಲ್ಲ. ಇವರೊಬ್ಬರಿಗ ಅಲ್ಲ, ಮೂರೂ ತಾಲೂಕಿನ್ಯಾಗ ಸದಾಶಿವ ಅನ್ನಾಂವ ಒಬ್ಬಗೂ ಹೋಗಿಲ್ಲ."

"ಯಾರೂ ತಕರಾರ ಮಾಡಲಿಲ್ಲಲ್ಲ?" ಎಂದಳು ಐಶ್ವರ್ಯ.

"ತಕರಾರ ಮಾಡದವರನ್ನೆಲ್ಲಾ ನಾವು ಸಂತೃಪ್ತರು ಅಂತ ಹಿಡದೀವಿ," ಎಂದ ಅಜಿತ ಸಣ್ಣ ದನಿಯಲ್ಲಿ. ಬೆರಳು ಕಳೆದುಕೊಂಡ ಸಂತೃಪ್ತ ನಾನು ಅವನ ಲ್ಯಾಪ್‌ಟಾಪಿನ ಪಕ್ಕದಲ್ಲೇ ಮಲಗಿದ್ದೆ.

ಐಶ್ವರ್ಯ ಮೆಲ್ಲಗೆ ಕೇಳಿದಳು. "ಕಾಕು, ಆ ಹೆಸರು ಬಂದಾಗ ನೀವು ಏನ್ ಮಾಡಿದ್ರಿ?"

"ಮುಂದ ಅಂತ ಒತ್ತಿದೆ."

"ಯಾಕ್ರಿ?"

ಕಾಶೆವ್ವ ಸೆರಗು ಸರಿಮಾಡಿಕೊಂಡಳು. "ಗಂಡನ ಹೆಸರು ಯಾರರ ಹೇಳತಾರೇನಬೇ? ಆಯುಷ್ಯ ಕಮ್ಮಿ ಆಗತೈತಿ. ನಮ್ಮವ್ವ ಹೇಳಿಲ್ಲ, ನಮ್ಮತ್ತಿ ಹೇಳಿಲ್ಲ. ನಾ ಹೇಳಿ ಇವರ ಜೀವಕ್ಕ ಏನರ ಮಾಡಕೊಳ್ಳಲೇನು?"

ವಾರ್ಡಿನಲ್ಲಿದ್ದ ಹೆಂಗಸರೆಲ್ಲ ತಲೆಯಾಡಿಸಿದರು. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಎಲ್ಲೇ ಕೇಳಲಿ, "ನಮ್ಮ ಮನಿಯವರು, ಕಂಡಕ್ಟರ್" ಎಂದೇ ಹೇಳಿ ಸಂಸಾರ ಮಾಡಿದವಳು ಅವಳು. ಇದು ನನಗೂ ಗೊತ್ತಿದ್ದದ್ದೇ. ಐಶ್ವರ್ಯ ನಮ್ಮೂರಿನವರನ್ನು ಏನೆಲ್ಲ ಕೇಳಿದ್ದಳು, ಊಟ ಏನು, ನಿದ್ದೆ ಎಷ್ಟು, ಫೋನ್ ಎಲ್ಲಿ ಇಡುತ್ತೀರಿ, ಯಾವ ಬಣ್ಣ ಇಷ್ಟ. ಇದನ್ನು ಕೇಳಿರಲಿಲ್ಲ. ಕೇಳದೆಯೂ ಗೊತ್ತಿರುವ ವಿಷಯವೆಂದು ನಾವೂ ಹೇಳಿರಲಿಲ್ಲ. ನನ್ನ ಆಯುಷ್ಯ ಕಾಯಲು ಹೆಂಡತಿ ಹೆಸರು ಬಿಟ್ಟಳು, ಅವಳು ಬಿಟ್ಟದ್ದಕ್ಕೆ ನನ್ನ ಬೆರಳು ಹೋಯಿತು. ಇದಕ್ಕೆ ಯಾರನ್ನು ಬೈಯಬೇಕು ಎಂದು ತಿಳಿಯದೆ ನಾನು ಅಜಿತನನ್ನು ಬೈದೆ.

ಮನೆಗೆ ಬಂದ ಮೇಲೆ ಕಾಶೆವ್ವ ಸಭೆಗಳನ್ನೆಲ್ಲ ಬಿಟ್ಟಳು. ಗುಳಿಗೆ, ನೀರು ಹಿಡಿದು ಹಾಸಿಗೆಯ ಬಳಿ ನಿಂತಳು. "ಏಳ್ರಿ, ಬಾಯಿ ತಗೀರಿ."

ನನಗೇನಾಯಿತೋ. ಹೊರಗೆ ಅದೇ ಹೊತ್ತಿಗೆ ನಬಿಲಾಲನ ಫೋನ್ ಬಡಿದುಕೊಂಡು, "ನಬಿಲಾಲಾ!" ಎಂದು ಇವಳದೇ ದನಿ ಕೂಗಿತು. ಗುಳಿಗೆ ಹಿಡಿದ ಅವಳ ಕೈಯನ್ನು ಆಚೆ ಸರಿಸಿದೆ.

"ಅವನ್ನ ಹೆಸರ ಹಿಡದು ಕರೀತಿ. ಹಣಮಂತನ್ನ ಕರೀತಿ, ಲಕ್ಷ್ಮಣನ್ನ ಕರೀತಿ. ಊರಾನ ಗಂಡಸರನ್ನೆಲ್ಲಾ ದಿನಾ ಎಬ್ಬಸತಿ. ನನಗೂ ಹಂಗ ಫೋನ್ ಬರಬೇಕು. ಬರೂತನಕ ನಾ ಗುಳಿಗಿ ಮುಟ್ಟೂದಿಲ್ಲ."

"ನಾನ ಇಲ್ಲಿ ಬಾಜೂಕ ನಿಂತೇನಲ್ರೀ!"

"ನೀ ನಿಂತಿ. ಹೆಸರೆಲ್ಲೈತಿ?"

ನಾನು ಯೂನಿಯನ್ನಿನಲ್ಲಿ ಇದ್ದವನು, ಮುಷ್ಕರ ಮಾಡಿ ಗೊತ್ತಿರುವವನು. ಒಮ್ಮೆ ಕೂತರೆ ಏಳುವುದಿಲ್ಲ. ಅವಳು ಗುಳಿಗೆ ಕುಟ್ಟಿ ಝುಣಕದಲ್ಲಿ ಬೆರೆಸಿದಳು, ಕಹಿ ಹತ್ತಿ ತಟ್ಟೆ ಸರಿಸಿದೆ. ಮಜ್ಜಿಗೆಯಲ್ಲಿ ಬೆರೆಸಿದಳು, ಮಜ್ಜಿಗೆ ಬಿಟ್ಟೆ. ಮಲ್ಲೇಶ ಕೈಮುಗಿದ. "ಅಪ್ಪಾ, ಹುಚ್ಚ ಹಿಡದೈತೇನು ನಿನಗ? ಪಾದ ಹೋಗತೈತಿ!" ಹೋಗಲಿ ಎಂದೆ. ಅಂದೆನೇ ಹೊರತು, ಪಟ್ಟಿ ಬಿಚ್ಚಿದಾಗ ಗಾಯದ ಸುತ್ತ ಕಪ್ಪು ಅಂಚು ಕಂಡು ನನ್ನ ಜೀವ ಝಲ್ಲೆಂದಿತು. ಪಟ್ಟಿ ಕಟ್ಟುವಾಗ ಕಾಶೆವ್ವ ಅಳುತ್ತಿದ್ದಳು. ಮೂರು ತಾಲೂಕನ್ನು ಗದರಿಸುವವಳು ಸದ್ದಿಲ್ಲದೆ ಅಳುವುದನ್ನು ನೋಡಿ ನನಗೂ ಅಳು ಬಂತು. ಆದರೂ ಬಾಯಿ ತೆರೆಯಲಿಲ್ಲ.

ಐಶ್ವರ್ಯ, ಅಜಿತ ಮತ್ತೆ ಬಂದರು. ಅಜಿತ ಉಪಾಯ ತಂದಿದ್ದ.

"ಕಾಕು, ನೀವು ಹೇಳೂದ ಬ್ಯಾಡ್ರಿ. ನಿಮ್ಮ ದನಿ ನಮ್ಮ ಹಂತ್ಯಾಕ ಐತಿ. ಅದನ್ನ ಹಿಡಕೊಂಡು ಕಂಪ್ಯೂಟರ್ ತಾನ ಆ ಹೆಸರು ಹೇಳತೈತಿ."

"ದನಿ ನಂದ ಹೌದಿಲ್ಲೋ?"

"ಹೌದ್ರಿ."

"ಹಂಗಾರ ನಾನ ಹೇಳಿದಂಗ ಆತು. ಹೇಳಿದ್ದು ಕಂಪ್ಯೂಟರ್ ಅಂತ ಯಮನ ಮುಂದ ನೀ ಬಂದು ಸಾಕ್ಷಿ ಹೇಳತಿಯೇನ ತಮ್ಮಾ?"

ಅಜಿತ ಲ್ಯಾಪ್‌ಟಾಪ್ ಮುಚ್ಚಿದ. ಕಟ್ಟೆಯ ಮೇಲಿಂದ ನಬಿಲಾಲ ಬಾಯಿ ಹಾಕಿದ. "ವೈನಿ, ಒಡಪು ಕಟ್ಟಿ, ಪದದಾಗ ಹೆಸರು ಸೇರಿಸಿ ಹೇಳ್ರಿ. ಮದುವ್ಯಾಗ ಹೇಳಿರಲ್ಲ, ಒಡಪಿನ್ಯಾಗ ಹೆಸರು ಹೇಳಿದರ ದೋಷ ಇಲ್ಲಲ್ಲ?"

"ಏನ್ ಮಾತಾಡತೀರಿ ನಬಿಲಾಲಣ್ಣಾ? ಆ ಹೆಸರಿನವರು ಊರೂರಿಗೆ ಅದಾರ. ಅವರಿಗೆಲ್ಲಾ ನಾ ದಿನಾ ಮುಂಜಾನೆ ಒಡಪು ಹೇಳಿದರ ಅವರ ಹೇಂತೇರು ನನ್ನ ಜೀವಂತ ಬಿಡತಾರೇನು?"

ಹೆಸರಿಲ್ಲದೆಯೇ ಒಂದು ಕರೆ ಕಳಿಸಿ ನೋಡಿದರು. "ಗುಳಿಗಿ ನುಂಗು!" ಎಂದಷ್ಟೇ ಬಂತು. ಯಾರಿಗೋ ಹೇಳಿದ ಹಾಗಿತ್ತು, ಇಟ್ಟುಬಿಟ್ಟೆ. ಮುಂದಿನ ವಾರ ಡಾಕ್ಟರಿಗೆ ತೋರಿಸಬೇಕಿತ್ತು. ಪಾದದ ತೀರ್ಮಾನ ಅವತ್ತೇ.

ಅಷ್ಟರಲ್ಲಿ ಐಶ್ವರ್ಯ, ಅಜಿತ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಮೂಡಲಗಿಯ ರಾಯವ್ವ, ನಮ್ಮ ಕಾಶೆವ್ವನ ಓರಗೆಯವಳು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ನನ್ನ ಪಟ್ಟಿ ಕಟ್ಟಿದ ಕಾಲನ್ನೇ ನೋಡಿದಳು.

"ನಮ್ಮ ಮನಿಯವರದೂ ಇವರ ಹೆಸರ್ರಿ ಅಕ್ಕಾರ. ಅವರಿಗೂ ಫೋನ್ ಬರಲಿಲ್ಲ. ಬರಲಿಲ್ಲ ಅಂತ ಖುಷೀಲೆ ಇದ್ದರು. ಈಗ ಕಣ್ಣಿಗೆ ರಕ್ತ ಇಳದೈತಿ, ಒಂದ ಕಣ್ಣು ಕಾಣೂದಿಲ್ಲ. ಇನ್ನೊಂದರ ಉಳೀಲಿ ಅಂದರ ನನ್ನ ಮಾತ ಕೇಳೂದಿಲ್ಲ. ಬಾಜೂ ಮನಿಯಾಗ ನಿಮ್ಮ ಫೋನ್ ಬಂದರ ಮಾತ್ರ ಎದ್ದು ಕುಂದರತಾರ. ನಿಮಗ ಅಂಜತಾರ."

ತನಗೆ ಹೆದರಿದ ಗಂಡಸರ ಸುದ್ದಿ ಕೇಳಿದರೆ ಕಾಶೆವ್ವನ ಮುಖ ಅರಳುವುದಿತ್ತು, ಅವತ್ತು ಅರಳಲಿಲ್ಲ.

ರಾಯವ್ವ ಚೀಲ ಕೆಳಗಿಟ್ಟು ಹತ್ತಿರ ಸರಿದಳು. "ಅಕ್ಕಾರ, ನೀವು ನಿಮ್ಮ ಮನಿಯವರ ಹೆಸರು ಹೇಳಬ್ಯಾಡ್ರಿ. ನಮ್ಮ ಮನಿಯವರ ಹೆಸರು ಹೇಳ್ರಿ."

"ಎರಡೂ ಒಂದ ಅಲ್ಲೇನ್ರಿ?" ಎಂದ ಅಜಿತ. ಕಾಶೆವ್ವ, ರಾಯವ್ವ ಇಬ್ಬರೂ ಅವನ ಕಡೆ ತಿರುಗಿ ನೋಡಿದರು.

"ಯಾರನ್ನ ಮನಸಿನ್ಯಾಗ ಇಟಗೊಂಡು ಕರೀತೀವೋ ಅವರ ಹೆಸರದು," ಎಂದಳು ಕಾಶೆವ್ವ, ತನಗೇ ಹೇಳಿಕೊಳ್ಳುವ ಹಾಗೆ. ಮತ್ತೆ ಅನುಮಾನ ಬಂತು. "ನಿಮ್ಮವರಿಗೆ ಏನರ ಆದರ?"

"ನೀವು ಅವರ ಹೇಂತಿ ಅಲ್ಲಲ್ರಿ. ಹೇಂತಿ ಹೇಳಿದರ ಅಷ್ಟ ದೋಷ."

"ಖರೆ," ಎಂದಳು ಕಾಶೆವ್ವ. "ಹೆಂಗ ಅದಾರ, ನೋಡಾಕ?"

ರಾಯವ್ವ ತನ್ನ ಮೊಬೈಲಿನಲ್ಲಿ ಗಂಡನ ಫೋಟೊ ತೆಗೆದು ಕೊಟ್ಟಳು. ದಪ್ಪ ಮೀಸೆ, ಬಿಳಿ ಟೋಪಿ. ಕಾಶೆವ್ವ ಅದನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುವ ತನಕ ನೋಡಿದಳು. ಕಟ್ಟಿಕೊಂಡ ಹೆಂಡತಿ ಪರಗಂಡಸಿನ ಫೋಟೊವನ್ನು ಅಷ್ಟು ಹೊತ್ತು ನೋಡುವುದನ್ನು ಹಾಸಿಗೆಯಲ್ಲಿ ಬಿದ್ದುಕೊಂಡು ನೋಡುವ ಯೋಗ ಎಲ್ಲರಿಗೂ ಬರುವುದಿಲ್ಲ. ನನಗೆ ಬಂದಿತ್ತು.

ಮತ್ತೆ ಕೌದಿ ಕಟ್ಟಿದರು. ಮೂಡಲಗಿಯವನ ಫೋಟೊ ಅವಳೆದುರು ಇಟ್ಟರು. ನಾನು ಮನೆಯಲ್ಲಿ ಇರಕೂಡದೆಂದು ಅವಳ ಹಟ, ಮಲ್ಲೇಶ ನನ್ನನ್ನು ಹೊತ್ತು ತಂದು ಹೊರಗೆ ಕಟ್ಟೆಯ ಮೇಲೆ ಕೂರಿಸಿದ. ಒಳಗಿನಿಂದ ಮೊದಲು ಬರೀ ಕೆಮ್ಮು ಕೇಳಿಸಿತು. "ಇನ್ನೂ ಜೋರಾಗಿ ಕಾಕು," ಎಂದಳು ಐಶ್ವರ್ಯ. ಏನೋ ಪಿಸುಪಿಸು. "ಇನ್ನೂ ಜೋರ್ರಿ." ಆಮೇಲೆ ಬಂತು:

"ಸದಾಶಿವಾ!"

ಓಣಿಯ ಜನ ತಿರುಗಿ ನೋಡಿದರು. ನಬಿಲಾಲ ಬೀಡಿ ಕೆಳಗೆ ಹಾಕಿದ. ನನ್ನ ಅವ್ವ ಹಾಗೆ ಕೂಗುತ್ತಿದ್ದಳು, ಹೊತ್ತು ಮುಳುಗಿದ ಮೇಲೆ. ಅವಳು ಹೋದ ಮೇಲೆ ಬಸ್ಸಿನವರಿಗೆ ಕಂಡಕ್ಟರ್ ಆದೆ, ಮಗನಿಗೆ ಅಪ್ಪ, ಹೆಂಡತಿಗೆ ಏನ್ರಿ. ಆ ಹೆಸರಿಗೆ ಓಗೊಡಲು ನನ್ನ ಬಾಯಿ ತಾನಾಗಿ ತೆರೆಯಿತು. ಅದು ಮೂಡಲಗಿಯವನಿಗೆ ಎಂದು ನೆನಪಾಗಿ ಮುಚ್ಚಿಕೊಂಡೆ.

ಮರುದಿನ ನನ್ನ ಫೋನ್ ಬಡಿದುಕೊಂಡಿತು. "ಸದಾಶಿವಾ, ಗುಳಿಗಿ ನುಂಗು! ನುಂಗಿ ನೀರ ಕುಡಿ! ಹಾಸಿಗಿ ಹಿಡದಮ್ಯಾಲೆ ನನ್ನ ಕರೀಬ್ಯಾಡ!" ನಾನು ಹಾಸಿಗೆ ಹಿಡಿದೇ ಇದ್ದೆ, ಆದರೂ ನುಂಗಿದೆ. ಮುಷ್ಕರ ಮುಗಿಯಿತು. ಡಾಕ್ಟರು ಗಾಯ ನೋಡಿ, ಹದಿನೈದು ದಿನ ಕಾದು ನೋಡೋಣ ಎಂದರು. ಹದಿನೈದು ದಿನಕ್ಕೆ ಕಪ್ಪು ಅಂಚು ಕೆಂಪಾಗಿತ್ತು. ಇನ್ನು ಒಂದು ದಿನವೂ ತಪ್ಪಿಸಬೇಡಿ, ತಪ್ಪಿಸಿದರೆ ಮತ್ತೆ ಮೊದಲಿಗೇ ಬರುತ್ತದೆ ಎಂದು ಎಚ್ಚರಿಸಿದರು.

ಕಾಶೆವ್ವ ಮಾತ್ರ ಫೋನ್ ಬರುವ ಹೊತ್ತಾಯಿತೆಂದರೆ ಕೆಲಸ ಇರಲಿ ಬಿಡಲಿ ಹಿತ್ತಲಿಗೆ ಹೋಗಿಬಿಡುವಳು. "ಮೂಡಲಗಿಯವರ ಹೆಸರಾದರ ನೀ ಯಾಕ ಹಿತ್ತಲಕ ಓಡತಿ?" ಎಂದು ಕೇಳಿದೆ. "ನೀರ ಬಂದೈತಿ," ಎಂದಳು. ಆ ಹೊತ್ತಿಗೆ ನಮ್ಮ ಓಣಿಗೆ ನೀರು ಬಂದದ್ದು ಎಂದೂ ಇಲ್ಲ.

ಕರೆಯ ಕೊನೆಗೆ, ಮತ್ತೊಮ್ಮೆ ಕೇಳಲು ಒಂದನ್ನು ಒತ್ತಿ ಎಂದು ಬರುತ್ತದೆ. ನಾನು ದಿನಾ ಒತ್ತುತ್ತೇನೆ. ಇದು ಅವರ ಕಂಪ್ಯೂಟರಿಗೆ ಗೊತ್ತಾಗಿದೆ. ಹಿರಿಯರಿಗೆ ಕಿವಿ ಮಂದವಾಗಿರುವುದರಿಂದ ಈ ಸೌಲಭ್ಯ ಬಹಳ ಉಪಯೋಗಕ್ಕೆ ಬಂದಿದೆ ಎಂದು ಐಶ್ವರ್ಯ ವರದಿಯಲ್ಲಿ ಬರೆದು, ಅದನ್ನು ನನಗೆ ಓದಿಯೂ ಹೇಳಿದಳು. ಹೌದವಾ, ಎಡಗಿವಿ ಸ್ವಲ್ಪ ಮಂದ, ಎಂದೆ.

ಹೋದ ವಾರ ಜೋರು ಗಾಳಿ ಬೀಸಿ ಟವರ್ ಕೆಟ್ಟಿತು. ಬೆಳಿಗ್ಗೆ ಯಾರ ಮೊಬೈಲಿನಲ್ಲೂ ಜೀವವಿಲ್ಲ. ನಬಿಲಾಲ ಪಾಪ ಫೋನ್ ಅಲ್ಲಾಡಿಸಿ ನೋಡಿ, ಅಭ್ಯಾಸಬಲದಿಂದ ತಾನೇ ಎದ್ದು ನಿಂತು ಗುಳಿಗೆ ನುಂಗಿದ. ನಾನು ಗುಳಿಗೆ, ನೀರು ಮುಂದಿಟ್ಟುಕೊಂಡು ಕೂತೆ. ಹೊತ್ತು ಏರಿತು. ಹಿತ್ತಲಿಗೆ ಹೋಗಿದ್ದ ಕಾಶೆವ್ವ ಎಷ್ಟು ಹೊತ್ತಾದರೂ ದನಿ ಕೇಳಿಸದಿದ್ದಕ್ಕೆ ಒಳಗೆ ಬಂದು ನೋಡಿದಳು.

"ನುಂಗ್ರಿ."

"ಫೋನ್ ಬಂದಿಲ್ಲ."

"ನೆಟ್‌ವರ್ಕ್ ಇಲ್ರಿ ಇವತ್ತ! ಡಾಕ್ಟರ್ ಏನಂದಾರ? ಒಂದಿನಾನೂ ತಪ್ಪಸಬ್ಯಾಡ ಅಂದಾರಿಲ್ಲೋ?"

"ಕರೀಲಿ, ನುಂಗತೇನಿ."

"ಏನ್ ಮನಷಾರ ನೀವು! ಕಲ್ಲರ ಕರಗೀತು!" ಎಂದು ಹಣೆ ಚಚ್ಚಿಕೊಂಡು ಹೊರಗೆ ಹೋದಳು. ಮತ್ತೆ ಬಂದಳು. ನನ್ನ ಮುಖ ನೋಡಿದಳು, ಕಾಲು ನೋಡಿದಳು. ಅಲ್ಲಾಡಲಿಲ್ಲ ನಾನು. ನಿಜ ಹೇಳುತ್ತೇನೆ, ಹಟ ಸಾಧಿಸುವ ಆಸೆ ಅವತ್ತು ನನಗಿರಲಿಲ್ಲ. ಕೇಳಬೇಕಿತ್ತು, ಅಷ್ಟೇ.

ಅವಳು ಹೊಸ್ತಿಲ ಆಚೆ ಹೋಗಿ ನನಗೆ ಬೆನ್ನು ಮಾಡಿ ನಿಂತಳು. ಸೆರಗು ಎಳೆದು ತಲೆ ಮೇಲೆ ಹೊದ್ದಳು. ಎದುರಿಗೆ ಫೋಟೊ ಇರಲಿಲ್ಲ, ಯಂತ್ರ ಇರಲಿಲ್ಲ, ಹಿತ್ತಲ ಗೋಡೆಯೊಂದಿತ್ತು.

"ಸದಾಶಿವಾ," ಎಂದಳು. ಫೋನಿನಲ್ಲಿ ಬರುವಷ್ಟು ಜೋರಾಗಿ ಅಲ್ಲ. "ಗುಳಿಗಿ ನುಂಗು."

"ಓ," ಎಂದೆ. ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

"ನಿಮಗಲ್ಲ," ಎಂದಳು ಅವಳು ತಿರುಗದೆಯೇ. "ಮೂಡಲಗಿಯವರಿಗೆ ಹೇಳಿದ್ದು. ಪಾಪ, ಅವರಿಗೂ ನೆಟ್‌ವರ್ಕ್ ಇರಲಿಕ್ಕಿಲ್ಲ ಇವತ್ತ."